ಕಬ್ಬಿಣದ ಬಾಗಿಲಿನ ನೆಗ್ಗು

ಬನ್ನೂರಿನ ಬಸ್ಸು. ಇಂದಿರ ಟೀಚರ ಮುಂದಿನ ಸೀಟಿನಲ್ಲಿ ಅವರ ಹಳೆಯ ವಿದ್ಯಾರ್ಥಿ ಚಂದ್ರಶೇಖರ ಕೂತಿದ್ದ. ಅವನ ತಮ್ಮ ಮೌನೇಶ ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಾಗ ಚಂದ್ರಶೇಖರನ ಮುಖ ಬಿಗಿಯಿತು.

“ಯಾವುದಕ್ಕೆ ಬಣ್ಣ?”

“ಮುಂಬಾಗ್ಲಿಗೆ. ತುಕ್ಕೆಲ್ಲ ಉಜ್ಜಾಯ್ತು.”

“ಮನೆ ಬುಟ್ಟೋಗೋವಾಗ ನಾನು ಒದ್ದಿದ್ನಲ್ಲ, ಆ ಜಾಗ?”

“ನೆಗ್ಗಿದ್ದು ಅಂಗೇ ಅದೆ.”

“ಆಚಾರಿ ಮಗ ಆಗಿ, ತಟ್ಟಿ ಸರಿ ಮಾಡಕ್ಕಾಗ್ನಿಲ್ವ? ಊರೋರೆಲ್ಲ ನೋಡಿ ನನ್ನ ಆಡ್ಕಳ್ಳಿ ಅಂತಾನಾ?”

“ಸುತ್ತಿಗೆ ಎತ್ತಿದ್ದೆ ಕಣಣ್ಣ. ಅವ್ವ ಕೈ ಹಿಡ್ಕಂಬುಡ್ತು.”

“ಯಾಕಂತೆ?”

“ಅಷ್ಟಗಲ ಬುಟ್ಟು ಮಿಕ್ಕಿದ್ದಕ್ಕೆ ಬಳಿ, ಅದನ್ನ ಒದ್ದೋನೇ ಬಂದು ತಟ್ಲಿ ಅಂತು.”

ಹಿಂದಿನ ಸೀಟಿನಲ್ಲಿ ಇಂದಿರ ಮುಂದಕ್ಕೆ ಬಾಗಿದರು. ಅಣ್ಣತಮ್ಮಂದಿರ ಊರು ಅರಕೆರೆ ಬಂತು, ಮೌನೇಶ ಎದ್ದ. ಬನ್ನೂರಿಗೆ ಟಿಕೆಟ್ ತೆಗೆದಿದ್ದ ಚಂದ್ರಶೇಖರನೂ ಎದ್ದು ಡಬ್ಬಿ ಕಿತ್ತುಕೊಂಡ.

“ನಡೀಲಾ ಮುಂದೆ. ಸುತ್ತಿಗೆ ಎಲ್ಲಿ ಮಡಗಿದ್ದೀಯ?”