ಕೀಬೋರ್ಡಿನ ಹಿಂದೆ ನಿಂತವನು

ಮಾನ್ಯ ಅಧ್ಯಕ್ಷರಾದ ಕ್ಲಿಫರ್ಡ್ ಹೆಸ್ಕೆತ್ ಅವರೇ, ವೇದಿಕೆಯ ಮೇಲಿರುವ ಸಮಿತಿಯ ಹಿರಿಯರೇ, ಬಿಂಗೊ ಆಟ ಮುಗಿದರೂ ಎದ್ದುಹೋಗದೆ ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ನಮ್ಮ ಬರ್ನ್ಲಿ ಊರಿನ ಈ ಕ್ಲಬ್ಬು ಇಂದು ಗ್ಲೆಂಡಾ ಹಾವರ್ತ್ ಎಂಬ ನನಗೆ ಗಾಜಿನ ಹೂದಾನಿ ಕೊಟ್ಟು ಸನ್ಮಾನಿಸಿದೆ. ಎಂಬತ್ತರ ದಶಕದ ಆ ಪ್ರಸಿದ್ಧ ಪಾಪ್ ಜೋಡಿಯ ಹಾಡುಗಳನ್ನು ಅವರಂತೆಯೇ ವೇಷ ತೊಟ್ಟು ಹಾಡಿಕೊಂಡು ಬಂದವಳು ನಾನು. ಹೆಸರು ಹೇಳಬೇಕೇ? ನಿಮ್ಮಲ್ಲಿ ಅರ್ಧ ಜನ ಮದುವೆಯಲ್ಲಿ ಕುಣಿದದ್ದೇ ಆ ಹಾಡುಗಳಿಗೆ. ಅವು ಇನ್ನೂ ಯಾಕೆ ಹಳತಾಗಿಲ್ಲ ಎಂಬುದರ ಬಗ್ಗೆ ಎರಡು ಮಾತಾಡಲು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಆಡುತ್ತೇನೆ. ಅವರಿಗೆ ಹಿಡಿಸುತ್ತದೆಂದು ಮಾತ್ರ ಭರವಸೆ ಕೊಡಲಾರೆ.

ಜೋಡಿ ಎಂದರೆ ಎಷ್ಟು ಮಂದಿ, ಸಭಿಕರೇ? ಇಬ್ಬರಲ್ಲವೇ? ಮುಂದೆ ಒಬ್ಬ ಹಾಡುತ್ತಾನೆ, ಗೋಳಾಡುತ್ತಾನೆ, ಟೋಪಿ ಎಸೆಯುತ್ತಾನೆ. ಹಿಂದೆ ಇನ್ನೊಬ್ಬ ಕೀಬೋರ್ಡಿಗೆ ಕೈಯಿಟ್ಟು ಕದಲದೆ ನಿಲ್ಲುತ್ತಾನೆ. “ಅವನೇನ್ ಮಾಡ್ತಾನಪ್ಪಾ? ಗುಂಡಿ ಒತ್ತೋದು ತಾನೆ!” ಎಂದು ಆಗಲೂ ಆಡಿಕೊಂಡರು, ಈಗಲೂ ಆಡಿಕೊಳ್ಳುತ್ತಾರೆ. ನನ್ನ ಹಿಂದೆ ಹಾಗೆ ನಿಂತವನು ನಾರ್ಮನ್ ಪಿಲ್ಲಿಂಗ್. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಬಾಯ್ಲರ್ ರಿಪೇರಿ ಮಾಡಿದವನೂ ಅವನೇ.

ಒಮ್ಮೆ ಇದೇ ವೇದಿಕೆಯಲ್ಲಿ ಹಾಡಿನ ನಡುವೆ ಕರೆಂಟು ಹೋಯಿತು. ಕೀಬೋರ್ಡ್ ಸತ್ತುಹೋಯಿತು. ನಾನು ಹಟ ಹಿಡಿದು ಬರಿಗಂಟಲಲ್ಲೇ ಹಾಡು ಮುಗಿಸಿದೆ. ನಾರ್ಮನ್ ಆ ಸತ್ತ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೊನೆಯವರೆಗೂ ನಿಂತಿದ್ದ. “ಕೆಳಗಿಳಿದು ಒಂದು ಬಿಯರ್ ಕುಡೀಬಾರ್ದಿತ್ತೇನೋ?” ಎಂದು ಆಮೇಲೆ ಕೇಳಿದೆ. “ನೀನಿನ್ನೂ ಹಾಡ್ತಾ ಇದ್ಯಲ್ಲ” ಎಂದ. ಆ ವಾರವೇ ನನ್ನ ಗಂಡ ರಾಯ್ ಮನೆ ಬಿಟ್ಟುಹೋಗಿದ್ದ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಆ ಹಾಡುಗಳು ಹಳತಾಗದಿರುವುದು ಇದಕ್ಕೇ. ಮುಂದೆ ನಿಂತು ಗೋಳಾಡಲು ಯಾರಿಗೆ ಬರುವುದಿಲ್ಲ? ಗೋಳಾಡುವವರ ಹಿಂದೆ ಒಬ್ಬರು ಬಿಟ್ಟುಹೋಗದೆ ನಿಂತಿರುತ್ತಾರಲ್ಲ, ಅದನ್ನು ನೋಡಲು ಜನ ಬರುತ್ತಾರೆ.

ಈಗ ನಾರ್ಮನ್‌ನ ಕೈ ನಡುಗುತ್ತದೆ. ಕಾಯಿಲೆ. ಕಳೆದ ವಾರ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡೋರಿಗೆ ಮುಜುಗರ ಆಗುತ್ತೆ ಕಣಮ್ಮ ಗ್ಲೆಂಡಾ. ಇನ್ಮೇಲೆ ನೀನೊಬ್ಬಳೇ ಬಾ. ಒಂದು ಲ್ಯಾಪ್‌ಟಾಪ್ ಇಟ್ಕೋ, ಅದು ನಡುಗಲ್ಲ” ಎಂದು ನಕ್ಕರು. ಹೆಸ್ಕೆತ್ ಅವರೇ, ತಲೆ ತಗ್ಗಿಸಬೇಡಿ, ಆಗ ನಕ್ಕಿರಲ್ಲ, ಈಗಲೂ ನಗಿ! ಒಬ್ಬಳನ್ನೇ ಕೂರಿಸಿ ಜೋಡಿಯ ಹಾಡಿಗೆ ಸನ್ಮಾನ ಎನ್ನಲು ನಿಮಗೆ ನಾಚಿಕೆಯಾಗುವುದಿಲ್ಲವೇ?

ಈ ಸನ್ಮಾನ ಇಬ್ಬರಿಗೂ ಎಂದುಕೊಂಡು ನಾರ್ಮನ್ ಬಂದಿದ್ದಾನೆ. ಹೊರಗೆ ವ್ಯಾನಿನಲ್ಲಿದ್ದಾನೆ. ಆ ಕೈಯಲ್ಲಿ ತಾನೇ ಟೈ ಕಟ್ಟಿಕೊಂಡಿದ್ದಾನೆ. “ಕರೀತಾರೆ, ಸ್ವಲ್ಪ ಇರು” ಎಂದು ಹೇಳಿ ಬಂದಿದ್ದೇನೆ. ಅವನಿಗೆ ಇಲ್ಲಿ ಕುರ್ಚಿಯೇ ಹಾಕಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೂದಾನಿಯನ್ನು ಈ ಮೇಜಿನ ಮೇಲೇ ಬಿಟ್ಟಿದ್ದೇನೆ. ಲ್ಯಾಪ್‌ಟಾಪಿಗೇ ಕೊಡಿ. ವ್ಯಾನಿನ ಹಿಂಬಾಗಿಲು ತೆರೆದರೆ ಕೀಬೋರ್ಡಿದೆ, ಬ್ಯಾಟರಿಯಿದೆ. ನಾವಿಬ್ಬರೂ ಅಲ್ಲೇ ಹಾಡುತ್ತೇವೆ. ಇಷ್ಟು ವರ್ಷ ಚಪ್ಪಾಳೆ ತಟ್ಟಿದ ನಿಮಗೆಲ್ಲ ಹೃತ್ಪೂರ್ವಕ ವಂದನೆಗಳು. ಬರುವವರು ಕೋಟು ಹಾಕಿಕೊಂಡು ಬನ್ನಿ, ಹೊರಗೆ ಚಳಿಯಿದೆ. ಕರೆಯುತ್ತಾರೆಂದು ಕಾದಿರುವ ನಾರ್ಮನ್‌ಗೆ ಕೇಳುವಂತೆ, “ನಿಮ್ಮನ್ನೇ ಕರೆಯಲು ಬಂದೆವು” ಎನ್ನಿ. ನಮಸ್ಕಾರ.