ಸೋರದ ಪೈಪು

ನಗೋದಾದ್ರೆ ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ನಮ್ಮ ಭಾವನಿಗೇ ಆಗಿದ್ದು... ಅಕ್ಕನ ಗಂಡ, ಹಡಗುಕಟ್ಟೆಯಲ್ಲಿ ಪೈಪ್ ಫಿಟ್ಟರು.

ಅವತ್ತು ತಡರಾತ್ರಿ ಹಾಳುಬಾವಿ ಪಕ್ಕದ ದಾರಿಯಲ್ಲಿ ಒಬ್ಬರೇ ಮನೆಗೆ ಬರ್ತಿದ್ರು. ಬಾಯಿ ತುಂಬ ಮೇಸ್ತ್ರಿಗೆ ಬೈಗುಳ. ನೌಕಾಪಡೆಯ ಹಡಗು, ಬೆಂಕಿ ಆರಿಸೋ ನೀರಿನ ಪೈಪೆಲ್ಲ ತುಕ್ಕು ತಿಂದಿತ್ತು. ಎಲ್ಲ ಬದಲಾಯಿಸಿ ಆಗಿತ್ತು, ಇಂಜಿನ್ ರೂಮಿಗೆ ಹೋಗೋ ಒಂದು ಬಾಗು, ಅಂದ್ರೆ ಬಗ್ಗಿದ ತುಂಡು, ಬಿಟ್ಟು. ಅದಕ್ಕೆ ಮೇಸ್ತ್ರಿ ಒಪ್ಪಲೇ ಇಲ್ಲ.

"ಒಂದು ಹನಿ ಸೋರ್ತಿಲ್ಲ, ಬಣ್ಣನೂ ಹೊಸದು. ಬೆಳಿಗ್ಗೆ ಹಡಗು ಹೊರಡಬೇಕು, ಸುಮ್ನಿರಿ."

ವಾರವಿಡೀ ಹೇಳಿದ್ರು ಭಾವ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಆ ಇಂಜಿನ್ ರೂಮಿನಲ್ಲಿ ಡ್ಯೂಟಿ ಮಾಡೋನು ಯಾರು? ಭಾವನ ಸ್ವಂತ ತಮ್ಮ. ಸಂಕಟ ಆಗದೆ ಇರುತ್ತಾ?

ಬಾವಿಯಲ್ಲಿ ಹಳೇ ಪಂಪಿನ ಪೈಪೊಂದು ನಿಂತಿತ್ತು. ಅದರೊಳಗಿಂದ... ಟಣ್. ಟಣ್. ಟಣ್.

ಭಾವ ಅಲ್ಲೇ ನಿಂತರು. ಹಡಗಿನೊಳಗೆ ಕೂಗಿದರೆ ಕೇಳಲ್ಲ ನೋಡಿ, ಅದಕ್ಕೆ ಫಿಟ್ಟರುಗಳು ಪೈಪಿಗೆ ಸುತ್ತಿಗೆ ಬಡಿದು ಮಾತಾಡ್ತಾರೆ. ಎರಡು ಬಡಿದರೆ 'ಆಯ್ತು'. ಮೂರು ಬಡಿದರೆ 'ಕೆಲಸ ಮುಗಿದಿಲ್ಲ'. ಬಾವಿಗೆ ಬಗ್ಗಿ ನೋಡಿದ್ರು... ಯಾರೂ ಇಲ್ಲ. ಮತ್ತೆ ಮೂರು.

"ಮುಗಿದಿಲ್ಲ ಅಂತ ನನಗೂ ಗೊತ್ತಪ್ಪ, ಕೇಳೋರು ಯಾರು?" ಅಂತ ಬಾವಿಗೇ ರೇಗಿ, ಬಂದ ದಾರಿಗೇ ತಿರುಗಿದ್ರು.

ಮೇಸ್ತ್ರಿ ಇನ್ನೂ ಹಡಗಿನಲ್ಲೇ ಇದ್ದ. ಭಾವ ಸುತ್ತಿಗೆ ತಗೊಂಡು ಆ ಬಾಗಿಗೆ ಎರಡು ಬಡಿದ್ರು. ಗೋಡೆಯ ಆಚೆ, ಇಂಜಿನ್ ರೂಮಿನಿಂದ ಉತ್ತರ ಬಂತು... ಟಣ್. ಟಣ್. ಟಣ್.

"ಆ ಕಡೆ ಯಾರಿದ್ದಾರೆ?" ಭಾವ ಪಿಸುಗುಟ್ಟಿದ್ರು.

"ಯಾರೂ ಇಲ್ಲ... ಬೀಗ ನಾನೇ ಹಾಕಿದ್ದು." ಮೇಸ್ತ್ರಿ ಜೇಬಿನಿಂದ ಬೀಗದಕೈ ತೆಗೆದು ತೋರಿಸಿದ. "ಕೊಯ್ದುಬಿಡಿ."

ಗರಗಸ ಹಾಕಿ ಕೊಯ್ದರು. ಮೇಲೆ ಥಳಕು, ಒಳಗೆ ಹುಳುಕು. ತುಕ್ಕು ಕಟ್ಟಿಕೊಂಡು ಕಿರುಬೆರಳು ತೂರೋ ಜಾಗನೂ ಇರಲಿಲ್ಲ. ಸೋರೋಕೆ ನೀರು ಅಲ್ಲಿಗೆ ತಲುಪಿದ್ರೆ ತಾನೇ? ಬೆಂಕಿ ಬಿದ್ದಿದ್ರೆ ತಮ್ಮನ ಮೇಲೆ ಒಂದು ಹನಿ ಬೀಳ್ತಿರಲಿಲ್ಲ. ಹೊಸ ಬಾಗು ಕೂರಿಸಿ ಭಾವ ಮತ್ತೆ ಬಡಿದ್ರು. ಆಚೆಯಿಂದ ಈ ಸಲ ಎರಡೇ... ಟಣ್. ಟಣ್.

ಬೆಳಿಗ್ಗೆ ಭಾವನ ತಮ್ಮ ಡ್ಯೂಟಿಗೆ ಬಂದ. ಕೊಯ್ದ ಹಳೇ ತುಂಡು ರಾತ್ರಿಯೆಲ್ಲ ಹೊರಗೆ ಮಂಜಿನಲ್ಲಿ ಬಿದ್ದಿತ್ತು. ಕಾಲಿಗೆ ಅಡ್ಡ ಅಂತ ಎತ್ತೋಕೆ ಹೋದವನು ಕಿರುಚಿ ಕೈಬಿಟ್ಟ. ಪಕ್ಕದ ಕಬ್ಬಿಣವೆಲ್ಲ ತಣ್ಣಗೆ, ಒದ್ದೆ. ಅದೊಂದು ಮಾತ್ರ ಈಗಷ್ಟೇ ಬೆಂಕಿಯಿಂದ ತೆಗೆದ ಹಾಗೆ ಒಣಗಿ ಸುಡ್ತಿತ್ತು.

ಇನ್ನೂ ನಂಬಲ್ವಾ? ಅವನ ಕೈಗೆ ಮುಲಾಮು ಹಚ್ಚಿದವನೇ ನಾನು. ಐದೂ ಬೆರಳಲ್ಲಿ ಬೊಬ್ಬೆ ಎದ್ದಿತ್ತು.