ಮಂಗಳವಾರದ ಎಣಿಕೆ

ಹೈಫಾದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಗೆ ಕಾಯುತ್ತಿದ್ದ ನೋಗಾಳ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿ ಜೊಹಾರಾಳ ದನಿ ಅಳುವ ಹಾಗಿತ್ತು.

“ಪೆಸಾಖ್ ಹಬ್ಬದಿಂದ ನಮ್ಮ ಪದ್ಧತಿ ಪ್ರಕಾರ ದಿನಾ ಸಂಜೆ ದೇವರ ಸ್ತುತಿ ಹೇಳಿ ದಿನ ಎಣಿಸ್ತಿದ್ದೆ ಅಕ್ಕ. ನಲವತ್ತೊಂಬತ್ತು ದಿನದ ಎಣಿಕೆ ಮುಗಿಯೋ ಹೊತ್ತಿಗೆ ಮಗ ಗಡಿಯಿಂದ ಬರ್ತಾನೆ ಅಂತ. ಮಂಗಳವಾರ ತಪ್ಪಿಹೋಯ್ತೇನೋ.”

“ಏನೋ ಅಂದ್ರೆ?”

“ಎಣಿಸೋ ಹೊತ್ತಿಗೇ ಸೈರನ್ ಆಯ್ತು, ನೆಲಮಾಳಿಗೆಗೆ ಓಡಿದ್ವಿ. ಎಣಿಸಿದ್ನೋ ಇಲ್ವೋ, ನೆನಪೇ ಇಲ್ಲ.”

“ನಿಯಮ ಇಷ್ಟೇ, ಒಂದು ದಿನ ಖಂಡಿತ ಬಿಟ್ಟಿದ್ರೆ ಇನ್ಮೇಲೆ ಸ್ತುತಿ ಇಲ್ಲ, ಬರೀ ಎಣಿಕೆ. ಅನುಮಾನ ಇದ್ರೆ ಸ್ತುತಿ ಹೇಳ್ಕೊಂಡೇ ಮುಂದುವರಿಸ್ಬಹುದು ಕಣೆ.”

ನೋಗಾ ಪತ್ರಿಕೆಯಿಂದ ತಲೆಯೆತ್ತಿದಳು.

“ಅನುಮಾನ ಇದ್ರೆ ಸಾಕಾ?” ಜೊಹಾರಾ ಕೇಳಿದಳು.

“ಸಾಕು, ಅಪ್ಪ ಹಾಗೇ ಹೇಳ್ತಿದ್ರು. ತಡಿ, ನಿನ್ನ ಗಂಡನ್ನೇ ಕೇಳೋಣ, ಅವತ್ತು ಜೊತೇಲೇ ಇದ್ನಲ್ಲ.” ಅಕ್ಕ ಫೋನ್ ತೆಗೆದಳು.

“ಅಯ್ಯೋ ಬೇಡ! ಅವರಿಗೆ ಎಲ್ಲಾ ನೆನಪಿರುತ್ತೆ, ಹಾಳಾದ್ದು!”

ಜೊಹಾರಾ ಫೋನನ್ನು ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಅವರ ಸರದಿ ಬಂತು.

“ಅನುಮಾನ ಅನುಮಾನವಾಗೇ ಇರ್ಲಿ ಬಿಡಕ್ಕ,” ಎನ್ನುತ್ತ ಅವಳು ಒಳಗೆ ನಡೆದಳು. “ಇವತ್ತು ಸಂಜೆ ನಾನು ಸ್ತುತಿ ಹೇಳಲೇಬೇಕು.”